ದಂಡು ಕಂಡ ದೊರೆ, ಮಸ್ಕಿಯ ಬಂಡೆ

‘ಅಸೋಕಸ’. ಬ್ರಾಹ್ಮಿಯಲ್ಲಿ ನಾಲ್ಕೇ ಅಕ್ಷರ, ಅಶೋಕನ ಎಂದರ್ಥ. ‘ಶ’ ಇಲ್ಲ, ‘ಸ’ ಇದೆ. ಆ ಹೆಸರಿನ ಹುಡುಗನನ್ನು ನಮ್ಮ ಕಡೆ ಇಂದಿಗೂ ಕೂಗುವುದು ಹಾಗೆಯೇ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಇಲ್ಲಿಯ ಬಂಡೆಬರಹ ಬಿತ್ತು. ಅಲ್ಲಿಯವರೆಗೆ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೆ. ಅವು ಅಶೋಕನವೇ ಎನ್ನಲು ವಿದ್ವಾಂಸರು ಸಿಂಹಳದ ಗ್ರಂಥಗಳನ್ನು ನೆಚ್ಚಿದ್ದರು. ಮಸ್ಕಿಯ ಕಲ್ಲು ಹೆಸರು ಹಿಡಿದೇ ಹೇಳಿತು.

ಅಶೋಕ ಪಟ್ಟಕ್ಕೇರುವ ಮೊದಲೇ ತಕ್ಷಶಿಲೆಯ ದಂಗೆ ಅಡಗಿಸಲು ಹೋದವನು ಎನ್ನುತ್ತವೆ ಬೌದ್ಧ ಕಥೆಗಳು. ಕಥೆ ಬಿಡಿ, ಕಳಿಂಗದ ಲೆಕ್ಕ ಅವನದೇ: ಪಟ್ಟವಾದ 8 ವರ್ಷಕ್ಕೆ ಯುದ್ಧ, ಸೆರೆಯಾಗಿ ಸಾಗಿದವರು 1,50,000, ಸತ್ತವರು 1,00,000. ಗೆದ್ದ ಅರಸನೊಬ್ಬ ಹೆಣಗಳ ಲೆಕ್ಕವನ್ನು ಹೆಮ್ಮೆಗಲ್ಲ, ಸಂಕಟಕ್ಕೆ ಕಲ್ಲಲ್ಲಿ ಕೊರೆಸಿದ.

ಆದರೆ ಕತ್ತಿ ಬಿಸುಟು ಸಂತನಾದ ಎಂಬ ಶಾಲಾಪಾಠ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಳಿಂಗವನ್ನು ಅವನು ಮರಳಿಸಲಿಲ್ಲ. ಪಶ್ಚಾತ್ತಾಪದ ಅದೇ ಶಾಸನದಲ್ಲಿ ಕಾಡಿನ ಜನರಿಗೆ, ನನ್ನ ಬಲ ಮರೆಯಬೇಡಿ ಎಂಬ ಎಚ್ಚರಿಕೆಯೂ ಇದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಆ ಶಾಸನವನ್ನೇ ಕೈಬಿಟ್ಟ. ಗಾಯದ ಮೇಲೆ ಉಪ್ಪು ಯಾಕೆ ಎಂದಿರಬಹುದು. ಬದಲಿಗೆ ಅಲ್ಲಿ ಬರೆಸಿದ್ದು, ಪ್ರಜೆಗಳೆಲ್ಲ ನನ್ನ ಮಕ್ಕಳು, ಯಾರನ್ನೂ ವಿನಾಕಾರಣ ಸೆರೆಯಲ್ಲಿಡಬೇಡಿ ಎಂದು ಅಧಿಕಾರಿಗಳಿಗೆ ತಾಕೀತು. ಅದೇ ತಾಕೀತು ಕಲಬುರಗಿ ಜಿಲ್ಲೆಯ ಸನ್ನತಿಯ ಕಲ್ಲಿನಲ್ಲೂ ಸಿಕ್ಕಿದೆ. ದಂಡು ನಡೆಸಿದವನಿಗೆ ಅಪ್ಪಣೆ ತಳಮಟ್ಟಕ್ಕೆ ಇಳಿಯುವಾಗ ಏನಾಗುತ್ತದೆಂಬುದು ಗೊತ್ತಿತ್ತು.

ದಂಡು ನಡೆಸಿದವರೇ ದಂಡಿನ ಬಗ್ಗೆ ಎಚ್ಚರಿಸಿದ್ದು ಈಚಿನ ಕಾಲದಲ್ಲೂ ಉಂಟು. ದಂಡನಾಯಕರಾಗಿ ಎರಡನೇ ಮಹಾಯುದ್ಧ ನಡೆಸಿದ್ದ ಐಸೆನ್‌ಹೋವರ್ 1953ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಆ ವರ್ಷವೇ ಕೊರಿಯಾದಲ್ಲಿ ಕದನವಿರಾಮ. 1961ರ ಜನವರಿ 17ರ ವಿದಾಯ ಭಾಷಣದಲ್ಲಿ ಅವರು ಎಚ್ಚರಿಸಿದ್ದು ಸೇನೆ ಮತ್ತು ಶಸ್ತ್ರೋದ್ಯಮದ ಕೂಟದ ಬಗ್ಗೆಯೇ. ಒಳಗಿದ್ದು ಬಂದವರ ಮಾತಿಗೆ ತೂಕ ಬೇರೆ.

ಮಸ್ಕಿ ಸೀಮೆಗೂ ಯುದ್ಧ ಹೊಸದಲ್ಲ. ರಾಯಚೂರಿಗಾಗಿ 1520ರಲ್ಲಿ ಕೃಷ್ಣದೇವರಾಯ ಕಾದಿದ. ಪಕ್ಕದ ಮುದಗಲ್ಲು ಕೋಟೆ ಎಷ್ಟೋ ಸಲ ಕೈ ಬದಲಿಸಿತು. ಈ ಬಂಡೆಯಲ್ಲಿ ಮಾತ್ರ ಕಳಿಂಗದ ಸುದ್ದಿಯೇ ಇಲ್ಲ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷ ದಾಟಿತು ಎನ್ನುತ್ತಾನೆ ಅಶೋಕ. ದೊಡ್ಡವರಿಗಷ್ಟೇ ಇದು ದಕ್ಕುತ್ತದೆ ಅನ್ನಬೇಡಿ, ಸಣ್ಣವನಿಗೂ ಸಾಧ್ಯ ಎನ್ನುತ್ತಾನೆ. ಅಳಿಯದೆ ಉಳಿದ ಅಕ್ಷರಗಳಲ್ಲಿ ಅವನ ಹೆಸರಿನ ಜೊತೆ ‘ರಾಜ’ ಎಂಬ ಮಾತು ಕಾಣುವುದಿಲ್ಲ.