ಹಡಗಿನ ಕಬ್ಬಿಣದ ಪೆಟ್ಟಿಗೆ ಹೊಲದ ಮನೆಯಾದೀತೆ?

ರಸ್ತೆ ಕೆಲಸ, ಕಾರ್ಖಾನೆ ಕೆಲಸ ನಡೆಯುವಲ್ಲಿ ಲಾರಿಯ ಮೇಲೆ ತಂದು ಇಳಿಸಿದ ಕಬ್ಬಿಣದ ಕೋಣೆಗಳನ್ನು ನೀವು ನೋಡಿರಬಹುದು. ಇಂತಹ ಒಂದು ಕೋಣೆಯನ್ನು ಹೊಲದಲ್ಲಿಟ್ಟರೆ ರಾತ್ರಿ ನೀರು ಕಟ್ಟಲು ಬಂದಾಗ ಮಲಗಲು, ಸಾಮಾನು ಇಡಲು ಅನುಕೂಲವಲ್ಲವೇ ಎಂದು ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಕಡೆಯ ರೈತ ಬಾಂಧವರಿಗೆ ಅನಿಸುವುದು ಸಹಜ. ಆದರೆ ಬಳ್ಳಾರಿಯ ಬಿಸಿಲು ಮತ್ತು ನಮ್ಮ ಎರೆಮಣ್ಣು ಇವೆರಡನ್ನೂ ಲೆಕ್ಕಕ್ಕೆ ಹಿಡಿಯದೆ ಕೊಂಡರೆ ಹಣ ಹಾಳಾಗುವುದಲ್ಲದೆ, ಒಳಗೆ ಮಲಗಿದವರ ಆರೋಗ್ಯಕ್ಕೂ ಕುತ್ತು ಬರುತ್ತದೆ.

ಪೆಟ್ಟಿಗೆಯ ಪರಿಚಯ

ಬೇರೆಡೆ ತಯಾರಿಸಿ ತಂದು ಜೋಡಿಸುವ ಮನೆ ನಮ್ಮ ದೇಶಕ್ಕೆ ಹೊಸದಲ್ಲ. ದೇಶ ವಿಭಜನೆಯ ನಂತರ ನಿರಾಶ್ರಿತರ ವಸತಿಗಾಗಿ 1948ರಲ್ಲಿಯೇ ದೆಹಲಿಯಲ್ಲಿ ಸರ್ಕಾರಿ ಗೃಹ ನಿರ್ಮಾಣ ಕಾರ್ಖಾನೆ ಆರಂಭವಾಯಿತು. ಹಡಗಿನ ಕಂಟೇನರ್ ಬಳಕೆಗೆ ಬಂದದ್ದು ಅನಂತರ. 1956ರಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬವರು 58 ಪೆಟ್ಟಿಗೆಗಳನ್ನು ಒಂದು ಹಡಗಿನಲ್ಲಿ ಸಾಗಿಸಿದರು. ಈಗಿನ ಕಂಟೇನರ್ ಸಾಗಣೆಗೆ ಅದೇ ನಾಂದಿ.

ಸಾಮಾನ್ಯ ಪೆಟ್ಟಿಗೆಯ ಉದ್ದ 20 ಅಡಿ, ಅಗಲ 8 ಅಡಿ, ಎತ್ತರ ಎಂಟೂವರೆ ಅಡಿ. ಒಳಗೆ ಸುಮಾರು 148 ಚದರಡಿ ಜಾಗ ಸಿಗುತ್ತದೆ. ಬರಿದಾದ ಪೆಟ್ಟಿಗೆಯ ತೂಕವೇ ಎರಡು ಟನ್ನಿಗೂ ಹೆಚ್ಚು. ಒಂಬತ್ತೂವರೆ ಅಡಿ ಎತ್ತರದ ಪೆಟ್ಟಿಗೆಗಳೂ ಇವೆ. ವಾಸಕ್ಕೆ ಇವೇ ಲೇಸು.

ಮಾರಾಟಕ್ಕೆ ಬರುವ ಕಬ್ಬಿಣದ ಕೋಣೆಗಳೆಲ್ಲ ಹಡಗಿನ ಪೆಟ್ಟಿಗೆಗಳಲ್ಲ. ಹಗುರ ಚೌಕಟ್ಟಿಗೆ ತೆಳು ತಗಡು ಹೊದಿಸಿದ ಹೊಸ ಕೋಣೆಗಳನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ಯಾವುದೆಂದು ಕೇಳಿ ತಿಳಿದು ನಂತರ ಬೆಲೆ ಮಾತನಾಡಿರಿ.

ಬಿಸಿಲಿಗೆ ಉಪಾಯ

ನಮ್ಮ ಹಿರಿಯರು ಕಟ್ಟಿದ ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ಕಬ್ಬಿಣದ ಗೋಡೆಗೆ ಆ ಗುಣವಿಲ್ಲ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಒಳಗೆ ಕುದಿಯತೊಡಗುತ್ತದೆ. ಚಳಿಗಾಲದ ರಾತ್ರಿ ಅದೇ ತಗಡು ತಣ್ಣಗಾಗಿ, ಒಳಗಿನ ತೇವ ಹನಿಯಾಗಿ ಇಳಿಯುತ್ತದೆ. ಆದ್ದರಿಂದ ಈ ಕ್ರಮಗಳನ್ನು ತಪ್ಪದೆ ಅನುಸರಿಸಬೇಕು:

1. ಉದ್ದದ ಗೋಡೆಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡುವಂತೆ ಇಡಿರಿ. ಆಗ ಸಂಜೆಯ ಬಿಸಿಲು ಚಿಕ್ಕ ಗೋಡೆಗೆ ಮಾತ್ರ ಬೀಳುತ್ತದೆ.

2. ಮೇಲೆ ಒಂದೂವರೆ ಅಡಿ ಅಂತರ ಬಿಟ್ಟು, ಬೇರೆ ಕಂಬಗಳ ಮೇಲೆ ತಗಡಿನ ಚಪ್ಪರ ಹಾಕಿರಿ. ಸುತ್ತಲೂ ಎರಡು ಮೂರು ಅಡಿ ಚಾಚಿರಲಿ. ನಡುವೆ ಬೀಸುವ ಗಾಳಿ ಕಾವನ್ನು ಒಯ್ಯುತ್ತದೆ. ಬಿರುಗಾಳಿಗೆ ಹಾರದಂತೆ ಚಪ್ಪರವನ್ನು ಭದ್ರವಾಗಿ ಬಿಗಿಯಿರಿ.

3. ಹೊರಗೆ ಬಿಳಿ ಬಣ್ಣ ಬಳಿಯಿರಿ. ಒಳಗೆ ಗೋಡೆಗೂ ಚಾವಣಿಗೂ ಎರಡು ಅಂಗುಲ ರಾಕ್‌ವೂಲ್ ಹಾಸು ಕೊಟ್ಟು, ಮೇಲೆ ಹಲಗೆ ಹೊಡೆಯಿರಿ. ಬೆಂಕಿ ಬೇಗ ಹತ್ತುವ ಥರ್ಮೋಕೋಲ್ ಬೇಡ.

4. ಎದುರುಬದುರಾಗಿ ಕಿಟಕಿಗಳಿರಲಿ.

ಕತ್ತರಿಸುವ ಮುನ್ನ

ಪೆಟ್ಟಿಗೆಯ ಭಾರವನ್ನು ಮುಖ್ಯವಾಗಿ ಹೊರುವುದು ನಾಲ್ಕು ಮೂಲೆಗಂಬಗಳು. ಅದಕ್ಕೆ ಬಿಗುವು ಕೊಡುವುದು ಸುಕ್ಕುಗಟ್ಟಿದ ಗೋಡೆಗಳು. ಗೋಡೆಯನ್ನು ಅಗಲವಾಗಿ ಕತ್ತರಿಸಿದರೆ ಮೇಲ್ಭಾಗ ಜಗ್ಗುತ್ತದೆ. ಕಿಟಕಿ ಬಾಗಿಲಿನ ಸುತ್ತ ಉಕ್ಕಿನ ಚೌಕಟ್ಟು ಕೂರಿಸಿ ವೆಲ್ಡಿಂಗ್ ಮಾಡಿಸಬೇಕು. ಮೂಲೆಗಂಬಗಳನ್ನು ಮುಟ್ಟಲೇಬಾರದು.

ನೆಲದ ಪ್ಲೈವುಡ್‌ಗೆ ಹುಳು ಹತ್ತದಂತೆ ಕೀಟನಾಶಕ ಹಾಕಿರುವುದುಂಟು. ಬಾಗಿಲಿನ ಮೇಲಿನ ಲೋಹದ ಫಲಕದಲ್ಲಿ ಅದರ ವಿವರ ಇರುತ್ತದೆ. ಹಿಂದೆ ಯಾವ ಸರಕು ತುಂಬಿದ್ದರೆಂದೂ ವಿಚಾರಿಸಿರಿ. ಮಕ್ಕಳು ಮಲಗುವ ಕಡೆ ಆ ಹಲಗೆಯನ್ನು ತೆಗೆಸಿ ಹೊಸದು ಹಾಕಿಸುವುದು ಉತ್ತಮ. ಹಳೆಯ ಬಣ್ಣದ ಧೂಳೂ ವಿಷಕರವಾಗಿರಬಹುದು. ಉಜ್ಜುವಾಗ ಮೂಗು ಬಾಯಿಗೆ ಮುಸುಕು ಇರಲಿ.

ಎರೆಭೂಮಿಯಲ್ಲಿ ಪಾಯ

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಒಂದು ಮೂಲೆ ಕುಸಿದರೂ ಚೌಕಟ್ಟು ಓರೆಯಾಗಿ ಬಾಗಿಲು ಬಿಗಿದುಕೊಳ್ಳುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲೆ ಹಾಗೆಯೇ ಇಡಬಾರದು. ನಾಲ್ಕು ಮೂಲೆಗೂ ಬಿರುಕು ಇಳಿಯುವ ಆಳಕ್ಕಿಂತ ಕೆಳಗಿನಿಂದ ಕಾಂಕ್ರೀಟ್ ಕಂಬ ಎಬ್ಬಿಸಿ, ನೆಲದಿಂದ ಎರಡು ಅಡಿ ಮೇಲೆ ಕೂರಿಸಿರಿ. ಇಂತಹ ಮಣ್ಣಿಗೆಂದೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಪಾಯವನ್ನು ರೂಪಿಸಿದೆ. ಇದನ್ನು ಬಲ್ಲ ಇಂಜಿನಿಯರರ ಸಲಹೆ ಪಡೆಯಿರಿ.

ಲಾರಿ, ಕ್ರೇನ್ ಹೊಲಕ್ಕೆ ಬರಲು ಕಾಲುವೆ ನೀರು ನಿಂತು ನೆಲ ಒಣಗಿದ ಬೇಸಿಗೆಯೇ ತಕ್ಕ ಕಾಲ. ದಾರಿಯ ಮೇಲಿನ ವಿದ್ಯುತ್ ತಂತಿಗಳನ್ನು ಮೊದಲೇ ನೋಡಿಕೊಳ್ಳಿರಿ. ಇಡೀ ಕೋಣೆ ಲೋಹದ್ದಾದ್ದರಿಂದ ಒಂದು ತಂತಿ ಸುಲಿದರೂ ಗೋಡೆಗೆಲ್ಲ ವಿದ್ಯುತ್ ಹರಿದೀತು. ಭೂಸಂಪರ್ಕ ಕೊಡಿಸದೆ, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನ ಹಾಕಿಸದೆ ದೀಪ ಹಚ್ಚಬೇಡಿರಿ.

ಯಾರಿಗೆ ಲಾಭ?

ಗುತ್ತಿಗೆ ಜಮೀನು ಮಾಡುವವರಿಗೆ, ಮುಂದೆ ಬೇರೆಡೆಗೆ ಒಯ್ಯಬೇಕಾದವರಿಗೆ ಈ ಕೋಣೆ ಉಪಯುಕ್ತ. ಪಂಪಿನ ಬಿಡಿಭಾಗ, ಸಲಕರಣೆಗಳನ್ನು ಬೀಗ ಹಾಕಿ ಇಡಲೂ ಒಳ್ಳೆಯದು. ಆದರೆ ಕಾವಿನಲ್ಲಿ ಬೀಜದ ಮೊಳಕೆ ಶಕ್ತಿ ಕುಂದುತ್ತದೆ, ಒಣ ಮೆಣಸಿನಕಾಯಿಯ ಬಣ್ಣ ಕೆಡುತ್ತದೆ. ಇವನ್ನು ಇಂತಹ ಬಿಸಿ ಪೆಟ್ಟಿಗೆಯಲ್ಲಿ ಇಡಬಾರದು. ಜನ ಮಲಗುವ ಕೋಣೆಯಲ್ಲಿ ಔಷಧಿ ಡಬ್ಬಗಳನ್ನಂತೂ ಇಡಲೇಬಾರದು.

ಮುಂಗಡ ಕೊಡುವ ಮುನ್ನ ಪೆಟ್ಟಿಗೆ, ಸಾಗಣೆ, ಕ್ರೇನ್, ಪಾಯ, ಒಳಹಾಸು, ಚಪ್ಪರ, ವೈರಿಂಗ್ ಇಷ್ಟರ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಅಷ್ಟೇ ಅಳತೆಯ ಇಟ್ಟಿಗೆ ಕೋಣೆಯ ಖರ್ಚನ್ನು ಪಕ್ಕದಲ್ಲಿ ಬರೆದು ಹೋಲಿಸಿ ನೋಡಿರಿ. ಹೊಲದಲ್ಲಿ ಕಟ್ಟಡ ನಿಲ್ಲಿಸುವ ನಿಯಮಗಳನ್ನು ಗ್ರಾಮ ಪಂಚಾಯಿತಿ ಮತ್ತು ಕಂದಾಯ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಹಳೆಯ ಮಾಳಿಗೆ ಮನೆ ಗಟ್ಟಿಯಾಗಿದ್ದರೆ ತೊಲೆ, ಜಂತಿ ಸರಿಪಡಿಸಿ ಅದನ್ನೇ ಉಳಿಸಿಕೊಳ್ಳುವುದು ಜಾಣತನ. ನಮ್ಮ ಬಿಸಿಲಿಗೆ ಅದಕ್ಕಿಂತ ತಂಪಾದ ಮನೆಯನ್ನು ಯಾವ ಹಡಗೂ ತಂದುಕೊಡಲಾರದು.