ತರುಣರ ರಾಜ್ಯ, ಸೇನಾ ಅಕಾಡೆಮಿಯ ದ್ವಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸೇನಾಧಿಕಾರಿಯಾಗಬೇಕೆಂಬ ಹಂಬಲದಿಂದ ವೆಸ್ಟ್ ಪಾಯಿಂಟಿನ ಭೂಸೇನಾ ಅಕಾಡೆಮಿಗಾಗಲಿ, ಅನಾಪೊಲಿಸ್ ನಗರದ ನೌಕಾ ಅಕಾಡೆಮಿಗಾಗಲಿ, ಕೊಲೊರಾಡೊ ಸ್ಪ್ರಿಂಗ್ಸ್‌ನ ವಾಯುಸೇನಾ ಅಕಾಡೆಮಿಗಾಗಲಿ ಅರ್ಜಿ ಹಾಕುವ ತರುಣ ತರುಣಿಯರು ದಾಟಬೇಕಾದ ದ್ವಾರಗಳಲ್ಲಿ ಒಂದು ಬಹು ವಿಲಕ್ಷಣವಾದುದು. ವಿದ್ಯೆಯ ಪರೀಕ್ಷೆ, ದೇಹಶಕ್ತಿಯ ಪರೀಕ್ಷೆ, ವೈದ್ಯರ ತಪಾಸಣೆ, ಇವು ಯಾವ ದೇಶದ ಸೈನ್ಯದಲ್ಲಿಯೂ ಇರತಕ್ಕವೇ. ಆದರೆ ಆ ದೇಶದಲ್ಲಿ ಇವುಗಳ ಜೊತೆಗೆ, ಜನರಿಂದ ಚುನಾಯಿತನಾದ ಪ್ರತಿನಿಧಿಯೊಬ್ಬನು ಅಭ್ಯರ್ಥಿಯ ಹೆಸರನ್ನು ಸೂಚಿಸಿ ನಾಮಕರಣ ಮಾಡಿದ ಹೊರತು ಅರ್ಜಿಯು ಮುಂದಕ್ಕೆ ಚಲಿಸುವುದಿಲ್ಲ. ತನ್ನ ಜಿಲ್ಲೆಯ ಪ್ರತಿನಿಧಿ, ತನ್ನ ರಾಜ್ಯದ ಇಬ್ಬರು ಸೆನೆಟರುಗಳು, ದೇಶದ ಉಪಾಧ್ಯಕ್ಷ, ಇವರಲ್ಲಿ ಒಬ್ಬರಾದರೂ ಕೈಹಿಡಿಯಬೇಕು. ಸೈನಿಕರ ಮಕ್ಕಳಿಗೆ ಅಧ್ಯಕ್ಷನ ಹೆಸರಿನಲ್ಲಿ ಇನ್ನೊಂದು ಮಾರ್ಗವುಂಟು. ಕಾಂಗ್ರೆಸ್ಸಿನ ಪ್ರತಿಯೊಬ್ಬ ಸದಸ್ಯನ ಲೆಕ್ಕಕ್ಕೆ ಒಂದೊಂದು ಅಕಾಡೆಮಿಯಲ್ಲಿಯೂ ಏಕಕಾಲದಲ್ಲಿ ಐವರು ವಿದ್ಯಾರ್ಥಿಗಳು ಇರಬಹುದೆಂದು ಶಾಸನವು ವಿಧಿಸಿದೆ. ಪ್ರಮುಖ ಅಕಾಡೆಮಿಗಳ ಪೈಕಿ ಕರಾವಳಿ ರಕ್ಷಣಾ ಪಡೆಯದು ಮಾತ್ರ ಈ ನಾಮಕರಣದ ನಿಯಮಕ್ಕೆ ಹೊರತಾದುದು.

ಈ ಪದ್ಧತಿಯು ಹುಟ್ಟಿದ ಬಗೆಯನ್ನು ಅರಿತರೆ, ಪೌರ ಆಡಳಿತದ ಅಭ್ಯಾಸಕ್ಕೂ ಸೇನಾ ಶಿಕ್ಷಣಕ್ಕೂ ಅಲ್ಲಿ ಇಷ್ಟು ನಿಕಟವಾದ ನಂಟು ಏಕೆ ಬೆಳೆಯಿತೆಂಬುದು ತಾನಾಗಿಯೇ ತಿಳಿಯುವುದು. ವೆಸ್ಟ್ ಪಾಯಿಂಟಿನ ಅಕಾಡೆಮಿಯು 1802ರಲ್ಲಿ, ಥಾಮಸ್ ಜೆಫರ್ಸನ್ನನು ಅಧ್ಯಕ್ಷನಾಗಿದ್ದಾಗ ಸ್ಥಾಪಿತವಾಯಿತು. ಬ್ರಿಟಿಷ್ ದೊರೆಯ ದಂಡಿನ ದರ್ಪವನ್ನು ಕಣ್ಣಾರೆ ಕಂಡಿದ್ದ ಆ ಜನರಿಗೆ ಸ್ಥಾಯೀ ಸೈನ್ಯವೆಂದರೆ ಸಂಶಯ; ಆ ಸೈನ್ಯಕ್ಕೆ ನಾಯಕರನ್ನು ತಯಾರಿಸುವ ಸಂಸ್ಥೆಯು ಹೊಸದೊಂದು ಪ್ರಭುವರ್ಗವನ್ನು ಹುಟ್ಟಿಸೀತೆಂಬ ಭಯ ಅದಕ್ಕಿಂತಲೂ ಹೆಚ್ಚು. 1830ರಲ್ಲಿ ಟೆನೆಸಿಯ ಪ್ರತಿನಿಧಿಯಾಗಿದ್ದ ಡೇವಿ ಕ್ರಾಕೆಟ್ಟನು, ಸಿರಿವಂತರ ಮತ್ತು ಪ್ರಭಾವಶಾಲಿಗಳ ಮಕ್ಕಳಿಗೆ ಬಡವರ ತೆರಿಗೆಯ ಹಣದಿಂದ ಪಾಠ ಹೇಳುವ ಈ ಶಾಲೆಯನ್ನು ಮುಚ್ಚಿಬಿಡಬೇಕೆಂದೇ ಕಾಂಗ್ರೆಸ್ಸಿನಲ್ಲಿ ಗೊತ್ತುವಳಿ ತಂದನು. ಶಾಲೆ ಮುಚ್ಚಲಿಲ್ಲ; ಆದರೆ ಆಕ್ಷೇಪದಲ್ಲಿದ್ದ ಸತ್ಯಾಂಶವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಅದುವರೆಗೆ ವಾಡಿಕೆಯಾಗಿ ಬೆಳೆದುಬಂದಿದ್ದ, ಒಂದೊಂದು ಚುನಾವಣಾ ಜಿಲ್ಲೆಯಿಂದ ಒಬ್ಬೊಬ್ಬನನ್ನು ಆರಿಸುವ ಕ್ರಮವು 1843ರಲ್ಲಿ ಶಾಸನವಾಯಿತು. ಅಧಿಕಾರಿವರ್ಗವು ಯಾವುದೋ ಒಂದು ಕುಲದ ಅಥವಾ ಒಂದು ಪ್ರಾಂತದ ಸ್ವತ್ತಾಗದೆ ದೇಶದ ಮೂಲೆಮೂಲೆಗಳಿಂದ ಬರಬೇಕು, ಮತ್ತು ಖಡ್ಗವನ್ನು ಧರಿಸತಕ್ಕವನು ಮೊದಲು ಪ್ರಜೆಗಳ ಪ್ರತಿನಿಧಿಯ ಎದುರಿಗೆ ನಿಲ್ಲಬೇಕು ಎಂಬುದು ಇದರ ತಾತ್ಪರ್ಯ.

ಹೀಗೆ ಎದುರಿಗೆ ನಿಲ್ಲುವ ಸಂದರ್ಭವು ಈಗ ಸಂದರ್ಶನದ ರೂಪವನ್ನು ತಾಳಿದೆ. ಅನೇಕ ಸದಸ್ಯರು ನಿವೃತ್ತ ಸೇನಾಧಿಕಾರಿಗಳು, ಅಧ್ಯಾಪಕರು, ಊರಿನ ಹಿರಿಯರು ಮುಂತಾದವರನ್ನು ಕೂಡಿಸಿ ಸಮಿತಿಯೊಂದನ್ನು ರಚಿಸಿರುತ್ತಾರೆ. ಅಭ್ಯರ್ಥಿಯು ಏತಕ್ಕಾಗಿ ಈ ವೃತ್ತಿಯನ್ನು ಬಯಸುತ್ತಾನೆ, ಇದುವರೆಗೆ ಯಾವ ಹೊಣೆಯನ್ನು ಹೊತ್ತಿದ್ದಾನೆ, ಲೋಕದ ವ್ಯವಹಾರವನ್ನು ಎಷ್ಟು ಬಲ್ಲ ಎಂಬುದನ್ನೆಲ್ಲ ಈ ಸಮಿತಿಯವರು ಕೇಳುತ್ತಾರೆ. ಅದಾದ ಮೇಲೆ ಅಕಾಡೆಮಿಯು ತನ್ನದೇ ಆದ ತೂಕವನ್ನು ಹಾಕುತ್ತದೆ. ವೆಸ್ಟ್ ಪಾಯಿಂಟಿನ ಗಣನೆಯಲ್ಲಿ ನೂರಕ್ಕೆ ಸುಮಾರು 60 ಪಾಲು ವಿದ್ಯೆಗೆ, 30 ಪಾಲು ನಾಯಕತ್ವಕ್ಕೆ, 10 ಪಾಲು ದೇಹಸಾಮರ್ಥ್ಯಕ್ಕೆ ಸಲ್ಲುತ್ತದೆ. ವಿದ್ಯೆಯನ್ನು ಅಂಕಪಟ್ಟಿಯಿಂದಲೂ ದೇಹಸಾಮರ್ಥ್ಯವನ್ನು ಓಟ, ದಂಡ ಮುಂತಾದ ಪರೀಕ್ಷೆಗಳಿಂದಲೂ ಅಳೆಯಬಹುದು. ನಾಯಕತ್ವವನ್ನು ಅಳೆಯುವುದು ಹೇಗೆ? ಕ್ರೀಡಾತಂಡದ ಮುಖಂಡತನ, ಶಾಲೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷತೆ, ಸ್ಕೌಟ್ ದಳದ ಉನ್ನತ ಪದವಿ, ಗುರುಗಳ ಅಭಿಪ್ರಾಯ, ಇವೆಲ್ಲ ಅದಕ್ಕೆ ಸಾಕ್ಷ್ಯಗಳು. ಈ ಸಾಕ್ಷ್ಯಗಳ ಸಾಲಿನಲ್ಲಿ ವೆಸ್ಟ್ ಪಾಯಿಂಟು ತನ್ನ ಹೊಸ ತರಗತಿಯ ವಿವರವನ್ನು ಪ್ರಕಟಿಸುವಾಗ ಹೆಸರು ಹಿಡಿದು ಎಣಿಸುವ ಒಂದು ಅನುಭವವುಂಟು: ಬಾಯ್ಸ್ ಸ್ಟೇಟ್ ಅಥವಾ ಗರ್ಲ್ಸ್ ಸ್ಟೇಟ್ ಎಂಬ ತರುಣ ರಾಜ್ಯದ ಪ್ರತಿನಿಧಿಯಾಗಿದ್ದವರು ಎಷ್ಟು ಮಂದಿ ಎಂಬುದು.

ಬಾಯ್ಸ್ ಸ್ಟೇಟ್ ಹುಟ್ಟಿದ್ದು 1935ರಲ್ಲಿ, ಇಲಿನಾಯ್ ರಾಜ್ಯದ ರಾಜಧಾನಿಯಾದ ಸ್ಪ್ರಿಂಗ್‌ಫೀಲ್ಡಿನ ಜಾತ್ರೆಯ ಮೈದಾನದಲ್ಲಿ. ಮೊದಲ ಮಹಾಯುದ್ಧದಿಂದ ಹಿಂದಿರುಗಿದ ಯೋಧರು 1919ರಲ್ಲಿ ಕಟ್ಟಿಕೊಂಡ ಅಮೆರಿಕನ್ ಲೀಜನ್ ಎಂಬ ಸಂಘಕ್ಕೆ ಸೇರಿದ ಹೇಯ್ಸ್ ಕೆನಡಿ ಮತ್ತು ಹೆರಾಲ್ಡ್ ಕಾರ್ಡ್ ಎಂಬಿಬ್ಬರು ಅದನ್ನು ಆರಂಭಿಸಿದರು. ಅದು ಯುರೋಪಿನಲ್ಲಿ ಸರ್ವಾಧಿಕಾರಿಗಳು ಎಳೆಯ ಹುಡುಗರಿಗೆ ಸಮವಸ್ತ್ರ ತೊಡಿಸಿ ಘೋಷಣೆ ಕಲಿಸುತ್ತಿದ್ದ ಕಾಲ. ಅಂಥದೇ ಧೋರಣೆಯ ಶಿಬಿರಗಳು ಅಮೆರಿಕದಲ್ಲಿಯೂ ತಲೆಯೆತ್ತಿದ್ದುದನ್ನು ಕಂಡು ಕಳವಳಗೊಂಡ ಈ ಮಾಜಿ ಯೋಧರು, ಹುಡುಗರಿಗೆ ಪ್ರಜಾಪ್ರಭುತ್ವವನ್ನು ಉಪನ್ಯಾಸದಿಂದಲ್ಲದೆ ಆಚರಣೆಯಿಂದ ಕಲಿಸಬೇಕೆಂದು ನಿಶ್ಚಯಿಸಿದರು. ಯುದ್ಧದ ಭೀಕರತೆಯನ್ನು ಅನುಭವಿಸಿ ಬಂದವರು ಮುಂದಿನ ತಲೆಮಾರಿಗೆ ಬಂದೂಕವನ್ನು ಕೊಡದೆ ಮತಪತ್ರವನ್ನು ಕೊಟ್ಟರೆಂಬುದನ್ನು ನೆನೆದಾಗ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ. 1937ರಲ್ಲಿ ಲೀಜನ್ನಿನ ಮಹಿಳಾ ಅಂಗವು ಗರ್ಲ್ಸ್ ಸ್ಟೇಟನ್ನು ಆರಂಭಿಸಿತು. 1946ರಲ್ಲಿ ರಾಷ್ಟ್ರಮಟ್ಟದ ಹುಡುಗರ ಸಭೆಯೂ ಮರುವರ್ಷ ಹುಡುಗಿಯರ ಸಭೆಯೂ ವಾಷಿಂಗ್ಟನ್ನಿನಲ್ಲಿ ಸೇರತೊಡಗಿದವು. ಇದೇ ಬಗೆಯ ಇನ್ನೊಂದು ಯತ್ನವನ್ನು ವೈಎಂಸಿಎ ಸಂಸ್ಥೆಯು 1936ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತೊಡಗಿಸಿತು; ಅದು ಇಂದಿಗೂ ಅನೇಕ ರಾಜ್ಯಗಳಲ್ಲಿ ನಡೆಯುತ್ತಿದೆ.

ಹನ್ನೊಂದನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಗಳನ್ನು ಶಾಲೆಯವರ ಸಲಹೆಯಂತೆ ಲೀಜನ್ನಿನ ಊರಿನ ಶಾಖೆಯು ಆರಿಸಿ, ಸಾಮಾನ್ಯವಾಗಿ ತಾನೇ ವೆಚ್ಚವನ್ನು ವಹಿಸಿಕೊಂಡು ಕಳುಹಿಸುತ್ತದೆ. ಬೇಸಗೆಯ ರಜೆಯಲ್ಲಿ, ಬಹುಮಟ್ಟಿಗೆ ಯಾವುದಾದರೊಂದು ವಿಶ್ವವಿದ್ಯಾನಿಲಯದ ಆವರಣದಲ್ಲಿ ಸುಮಾರು ಒಂದು ವಾರ ಈ ರಾಜ್ಯವು ಬಾಳುತ್ತದೆ. ಬಂದಿಳಿದ ಹುಡುಗನಿಗೆ ಒಂದು ಕಲ್ಪಿತ ನಗರದ ಪೌರತ್ವವೂ ಎರಡು ಕಲ್ಪಿತ ಪಕ್ಷಗಳಲ್ಲೊಂದರ ಸದಸ್ಯತ್ವವೂ ದೊರೆಯುತ್ತದೆ; ಆ ಪಕ್ಷಗಳಿಗೆ ಫೆಡರಲಿಸ್ಟ್, ನ್ಯಾಷನಲಿಸ್ಟ್ ಎಂದು ಹೆಸರಿಡುವುದು ವಾಡಿಕೆ. ಹೊರಲೋಕದ ಪಕ್ಷಭೇದಗಳಿಗೆ ಅಲ್ಲಿ ಎಡೆಯಿಲ್ಲದ ಕಾರಣ, ಪಕ್ಷದ ಧೋರಣೆ ಏನಾಗಿರಬೇಕೆಂಬುದನ್ನು ಹುಡುಗರೇ ಕುಳಿತು ವಾದಿಸಿ ನಿರ್ಣಯಿಸಬೇಕು. ಮೊದಲು ನಗರದ ಚುನಾವಣೆ, ಬಳಿಕ ಕೌಂಟಿಯದು, ಅನಂತರ ಪಕ್ಷದೊಳಗಿನ ಸ್ಪರ್ಧೆ, ಕಡೆಗೆ ರಾಜ್ಯಪಾಲನ ಚುನಾವಣೆ. ಶಾಸನಸಭೆಯಲ್ಲಿ ಮಸೂದೆಗಳನ್ನು ಬರೆಯುವುದು, ತಿದ್ದುಪಡಿ ತರುವುದು, ಮತ ಕೇಳುವುದು, ಸೋಲುವುದು, ಸೋತ ಮರುಗಳಿಗೆಯಲ್ಲಿ ಗೆದ್ದವನ ಜೊತೆಗೆ ಕೆಲಸ ಮಾಡುವುದು, ಇವೆಲ್ಲ ಆ ಒಂದು ವಾರದೊಳಗೆ ನಡೆದುಹೋಗುತ್ತವೆ.

ಸೋಲಿನ ಮಾತನ್ನು ಸುಮ್ಮನೆ ಹೇಳಲಿಲ್ಲ. ಸಾವಿರ ಹುಡುಗರು ಸೇರುವ ಕಡೆಯಲ್ಲಿ ರಾಜ್ಯಪಾಲನಾಗುವವನು ಒಬ್ಬನೇ. ಉಳಿದ ಬಹುಮಂದಿ, ತಮ್ಮ ತಮ್ಮ ಶಾಲೆಗಳಲ್ಲಿ ಸೋಲನ್ನೇ ಕಾಣದವರು, ಇಲ್ಲಿ ಸೋತು ಮನೆಗೆ ಹಿಂದಿರುಗುತ್ತಾರೆ. ನಾಮಕರಣದ ಸಮಿತಿಯ ಮುಂದೆ ಕುಳಿತ ಅಭ್ಯರ್ಥಿಯು ತಾನು ಬಾಯ್ಸ್ ಸ್ಟೇಟಿಗೆ ಹೋಗಿದ್ದೆನೆಂದು ಹೇಳಿದೊಡನೆ ಬರಬಹುದಾದ ಪ್ರಶ್ನೆ, ಅಲ್ಲಿ ನೀನು ಏನು ಮಾಡಿದೆ ಎಂಬುದು. ಇದಕ್ಕೆ ಉತ್ತರವಾಗಿ ಪದವಿಯ ಹೆಸರೊಂದನ್ನು ಹೇಳಿ ಸುಮ್ಮನಾಗುವವನಿಗಿಂತ, ತಾನು ಬರೆದ ಮಸೂದೆಯು ಏಕೆ ಬಿದ್ದುಹೋಯಿತು, ಎದುರಾಳಿಯ ಯಾವ ವಾದವು ತನ್ನದಕ್ಕಿಂತ ಮಿಗಿಲಾಗಿತ್ತು, ಹೆಸರೂ ತಿಳಿಯದ ನಲವತ್ತು ಮಂದಿಯನ್ನು ಒಂದು ಇರುಳಿನಲ್ಲಿ ಒಂದು ಕಾರ್ಯಕ್ಕೆ ಹೊಂದಿಸುವುದು ಎಂಥ ಶ್ರಮ ಎಂಬುದನ್ನು ನೇರವಾಗಿ ಹೇಳಬಲ್ಲವನು ಹಿರಿಯರ ಮನಸ್ಸನ್ನು ಸೆಳೆಯುವನು. ಪ್ರಮಾಣಪತ್ರವೊಂದರಿಂದಲೇ ಅಕಾಡೆಮಿಯ ಬಾಗಿಲು ತೆರೆದೀತೆಂದು ಭಾವಿಸುವುದು ಭ್ರಮೆ. ಗಣಿತದಲ್ಲಿ ದುರ್ಬಲನಾದವನನ್ನಾಗಲಿ, ಒಂದು ಮೈಲಿ ಓಡಲಾರದವನನ್ನಾಗಲಿ ಅದು ಉದ್ಧರಿಸಲಾರದು.

ಆದರೆ ಈ ಅನುಭವದ ಮುಖ್ಯ ಪ್ರಯೋಜನವು ಅರ್ಜಿಯ ಅಂಕಗಣನೆಗಿಂತ ಬಹು ದೊಡ್ಡದೆಂಬುದೇ ಈ ಅಧ್ಯಾಯದಲ್ಲಿ ನಾನು ಹೇಳಹೊರಟ ಮಾತು. ಅಕಾಡೆಮಿಯನ್ನು ಹೊಕ್ಕ ದಿನವೇ ವಿದ್ಯಾರ್ಥಿಯು ಕೈಯೆತ್ತಿ ಪ್ರಮಾಣವನ್ನು ಸ್ವೀಕರಿಸುತ್ತಾನೆ. ಆ ಪ್ರಮಾಣವು ಸೇನಾಪತಿಗೂ ಅಲ್ಲ, ಅಧ್ಯಕ್ಷನೆಂಬ ವ್ಯಕ್ತಿಗೂ ಅಲ್ಲ, ಸಂವಿಧಾನಕ್ಕೆ. ಮುಂದೆ ಪದವಿ ಪಡೆದು, ಕನಿಷ್ಠಪಕ್ಷ ಐದು ವರ್ಷಗಳ ಸಕ್ರಿಯ ಸೇವೆಗೆ ಬದ್ಧನಾಗಿ ಹೊರಬಿದ್ದಾಗ, ಆಯುಧಬಲವೆಲ್ಲ ತನ್ನ ಕಡೆಗಿದ್ದರೂ ನಿರಾಯುಧರಾದ ಚುನಾಯಿತರ ಆಜ್ಞೆಯಂತೆ ಅವನು ನಡೆಯತಕ್ಕದ್ದು. ಇಂಥ ವಿಧೇಯತೆಯು ಭಯದಿಂದ ಬಂದರೆ ನಿಲ್ಲದು, ಬರಿಯ ರೂಢಿಯಿಂದ ಬಂದರೂ ಬಹುಕಾಲ ಬಾಳದು. ಆ ಚುನಾಯಿತರ ಕಾರ್ಯ ಎಷ್ಟು ಕಠಿನವಾದುದೆಂಬ ಅರಿವಿನಿಂದ ಹುಟ್ಟಿದರೆ ಮಾತ್ರ ಅದು ಸ್ಥಿರವಾಗುವುದು. 1783ರ ಡಿಸೆಂಬರ್ 23ರಂದು ಜಾರ್ಜ್ ವಾಷಿಂಗ್ಟನ್ನನು, ತಾನು ಗೆಲ್ಲಿಸಿಕೊಟ್ಟ ಸೈನ್ಯದ ಅಧಿಪತ್ಯವನ್ನು ಕಾಂಗ್ರೆಸ್ಸಿನ ಮುಂದೆ ನಿಂತು ಹಿಂದಿರುಗಿಸಿದನು. ಬಯಸಿದ್ದರೆ ಅವನು ಏನನ್ನು ಪಡೆಯಬಹುದಾಗಿತ್ತೆಂಬುದು ಆ ಸಭೆಯಲ್ಲಿದ್ದವರಿಗೆಲ್ಲ ತಿಳಿದೇ ಇತ್ತು. ಆ ಘಟನೆ ನಡೆದುದು ಅನಾಪೊಲಿಸ್ಸಿನಲ್ಲಿ. ನೌಕಾ ಅಕಾಡೆಮಿಯು 1845ರಲ್ಲಿ ಸ್ಥಾಪಿತವಾದುದೂ ಅದೇ ಊರಿನಲ್ಲಿಯೇ.

ಇನ್ನೊಂದು ಸಂಗತಿ. 1963ರ ಜುಲೈ 24ರಂದು, ಬಾಯ್ಸ್ ನೇಷನ್ ಎಂದು ಕರೆಯುವ ಆ ರಾಷ್ಟ್ರಮಟ್ಟದ ಹುಡುಗರ ಸಭೆಗೆ ಆರ್ಕನ್ಸಾ ರಾಜ್ಯದಿಂದ ಬಂದಿದ್ದ ಹದಿನಾರು ವರ್ಷದ ಹುಡುಗನೊಬ್ಬನು ಶ್ವೇತಭವನದ ಗುಲಾಬಿ ತೋಟದಲ್ಲಿ ಅಧ್ಯಕ್ಷ ಕೆನಡಿಯ ಕೈಕುಲುಕಿದನು. ಬಿಲ್ ಕ್ಲಿಂಟನ್ ಎಂಬ ಆ ಹುಡುಗನು 1993ರಲ್ಲಿ ತಾನೇ ಅಧ್ಯಕ್ಷನಾಗಿ, ಆ ಪದವಿಯ ಬಲದಿಂದಲೇ ಮೂರು ಸೈನ್ಯಗಳಿಗೂ ಮಹಾದಂಡನಾಯಕನಾದನು. ಮುಂದೆ ಆಜ್ಞೆ ಕೊಡತಕ್ಕವನೂ ಅದನ್ನು ಪಾಲಿಸತಕ್ಕವನೂ ಹದಿನಾರನೆಯ ವಯಸ್ಸಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಮಸೂದೆಯ ಮೇಲೆ ಜಗಳವಾಡುವ ಅವಕಾಶವನ್ನು ಒದಗಿಸುವ ಏರ್ಪಾಡು ನಿಜವಾಗಿಯೂ ಬೆಲೆಯುಳ್ಳದ್ದು. ಹುಡುಗಿಯರಿಗೆ ಮಾತ್ರ ಈ ಫಲವು ಬಹುಕಾಲ ದಕ್ಕಲಿಲ್ಲ: ಅಕಾಡೆಮಿಗಳು ಸ್ತ್ರೀಯರಿಗೆ ತೆರೆದುದು 1976ರಲ್ಲಿ, ಅದಕ್ಕೆ ಹಿಂದಿನ ಸುಮಾರು ನಲವತ್ತು ವರ್ಷಗಳ ಗರ್ಲ್ಸ್ ಸ್ಟೇಟಿನ ಪ್ರತಿಭೆಯೆಲ್ಲ ಆ ದಿಕ್ಕಿಗೆ ಹರಿಯುವಂತಿರಲಿಲ್ಲ.

ದೋಷಗಳೂ ಇಲ್ಲದಿಲ್ಲ. 2020ರಲ್ಲಿ ಬಿಡುಗಡೆಯಾದ 'ಬಾಯ್ಸ್ ಸ್ಟೇಟ್' ಎಂಬ ಸಾಕ್ಷ್ಯಚಿತ್ರವು ಟೆಕ್ಸಸ್ ರಾಜ್ಯದ ಶಿಬಿರವೊಂದನ್ನು ತೆರೆದು ತೋರಿಸುತ್ತದೆ. ಚಿತ್ರದಲ್ಲಿ ಕಾಣುವ ಶಿಬಿರಕ್ಕೆ ಹಿಂದಿನ ವರ್ಷವಷ್ಟೇ ಅಲ್ಲಿ ಸೇರಿದ್ದ ಹುಡುಗರು ಟೆಕ್ಸಸ್ಸು ಒಕ್ಕೂಟದಿಂದ ಬೇರ್ಪಡಬೇಕೆಂದು ಮತ ಹಾಕಿದ್ದರು! ಚಿತ್ರದಲ್ಲಿ ಕಾಣುವ ಒಬ್ಬ ತರುಣನು ಗರ್ಭಪಾತದ ವಿಷಯದಲ್ಲಿ ತನ್ನ ಅಂತರಂಗದ ಅಭಿಪ್ರಾಯವನ್ನು ಮರೆಮಾಡಿ, ಸಭೆಗೆ ಪ್ರಿಯವಾದುದನ್ನು ವೇದಿಕೆಯ ಮೇಲೆ ನುಡಿದು, ಬಳಿಕ ಹಾಗೆ ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ. ಸೇನೆಗೆ ಹೋಗಬಯಸುವವನು ಇಲ್ಲಿ ಬಹಳ ಎಚ್ಚರದಿಂದಿರಬೇಕು. ವೆಸ್ಟ್ ಪಾಯಿಂಟಿನ ಗೌರವ ಸಂಹಿತೆಯ ಪ್ರಕಾರ ಅಲ್ಲಿಯ ವಿದ್ಯಾರ್ಥಿಯು ಸುಳ್ಳಾಡಕೂಡದು, ವಂಚಿಸಕೂಡದು, ಕದಿಯಕೂಡದು. ಅಷ್ಟೇ ಅಲ್ಲ, ಹಾಗೆ ಮಾಡುವವರನ್ನು ಸಹಿಸಲೂ ಕೂಡದು. ಮತಕ್ಕಾಗಿ ಮಾತು ಬದಲಾಯಿಸುವ ವಿದ್ಯೆಯು ಈ ಸಂಹಿತೆಗೆ ನೇರ ವಿರೋಧಿ. ಚುನಾವಣೆಯನ್ನು ಗೆದ್ದು ಈ ವಿದ್ಯೆಯನ್ನು ಕಲಿತು ಬಂದವನಿಗಿಂತ, ಸತ್ಯವನ್ನು ನುಡಿದು ಸೋತು ಬಂದವನೇ ಅಕಾಡೆಮಿಗೆ ಹೆಚ್ಚು ಸಲ್ಲುವನೆಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ದೇಶದ ಕ್ರಮ ಬೇರೆ. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸಂಸದರ ಸೂಚನೆ ಬೇಕಿಲ್ಲ. ಕೇಂದ್ರ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯೂ ಎಸ್ಎಸ್‌ಬಿ ಎಂದು ಎಲ್ಲರೂ ಕರೆಯುವ ಆಯ್ಕೆ ಮಂಡಲಿಯ ಐದು ದಿನಗಳ ಪರೀಕ್ಷೆಯೂ ಅದರ ದ್ವಾರಗಳು. ಕುಂಜ್ರೂ ಸಮಿತಿಯ ಸಲಹೆಯ ಮೇರೆಗೆ 1948ರಲ್ಲಿ ಆರಂಭವಾದ ಎನ್‌ಸಿಸಿಯ 'ಸಿ' ಸರ್ಟಿಫಿಕೇಟನ್ನು ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆಯಿಲ್ಲದೆ ಆಯ್ಕೆ ಮಂಡಲಿಯನ್ನು ಕಾಣುವ ವಿಶೇಷ ಮಾರ್ಗವುಂಟು. ಆದರೆ ಸಂಸದೀಯ ವ್ಯವಹಾರಗಳ ಇಲಾಖೆಯು 1966ರಲ್ಲಿ ದೆಹಲಿಯ ಶಾಲೆಗಳಲ್ಲಿ ತೊಡಗಿಸಿದ ಯುವ ಸಂಸತ್ತಿನ ಸ್ಪರ್ಧೆಗೆ ಅಂಥ ಮನ್ನಣೆಯಿಲ್ಲ. ಆದರೂ ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ ಗುಂಪು ಚರ್ಚೆಗೂ ಗುಂಪಾಗಿ ಯೋಜನೆ ಹೂಡುವ ಪರೀಕ್ಷೆಗೂ ಕುಳಿತ ನಮ್ಮ ಹುಡುಗನು, ಒಮ್ಮೆಯಾದರೂ ಸಭೆಯೊಂದರಲ್ಲಿ ಎದುರು ಪಕ್ಷದವನ ಮಾತನ್ನು ಕೊನೆಯವರೆಗೆ ಕೇಳಿ ಅನಂತರ ಉತ್ತರಿಸಿದ್ದವನಾದರೆ, ಆ ಅಭ್ಯಾಸವು ಅಲ್ಲಿ ಎದ್ದು ಕಾಣದಿರದು.

ಅಮೆರಿಕದಲ್ಲಿ ನೆಲೆಸಿ, ಅಲ್ಲಿಯೇ ಹುಟ್ಟಿ ಪೌರತ್ವ ಪಡೆದ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗ ತಂದೆತಾಯಿಗಳಿಗೆ ಈ ಮಾರ್ಗವು ಪರಕೀಯವೆಂದು ತೋರಬಹುದು, ಹಾಗೆ ಭಾವಿಸಬೇಕಾಗಿಲ್ಲ. ಮಗನೋ ಮಗಳೋ ಈ ವೃತ್ತಿಯನ್ನು ಬಯಸಿದರೆ, ಹನ್ನೊಂದನೆಯ ತರಗತಿಯ ಚಳಿಗಾಲದಲ್ಲಿಯೇ ಶಾಲೆಯ ಮಾರ್ಗದರ್ಶಕರನ್ನೂ ಲೀಜನ್ನಿನ ಊರ ಶಾಖೆಯನ್ನೂ ಕಂಡು ಬಾಯ್ಸ್ ಸ್ಟೇಟ್ ಅಥವಾ ಗರ್ಲ್ಸ್ ಸ್ಟೇಟಿನ ವಿಚಾರವನ್ನು ಕೇಳಿರಿ. ಅಕಾಡೆಮಿಗಳು ನಡೆಸುವ ಬೇಸಗೆಯ ಪರಿಚಯ ಶಿಬಿರಗಳೂ ಅದೇ ಜೂನ್ ತಿಂಗಳ ಸುಮಾರಿಗೆ ಬೀಳುವುದರಿಂದ ದಿನಗಳನ್ನು ಮೊದಲೇ ಹೋಲಿಸಿ ನೋಡಿಕೊಳ್ಳಿರಿ. ನಾಮಕರಣದ ಅರ್ಜಿಯನ್ನು ಇಬ್ಬರು ಸೆನೆಟರುಗಳಿಗೂ ಜಿಲ್ಲೆಯ ಪ್ರತಿನಿಧಿಗೂ ಬೇರೆ ಬೇರೆಯಾಗಿ ಹಾಕಿರಿ. ಅವರ ಕಚೇರಿಗಳು ಅದನ್ನು ಸಾಮಾನ್ಯವಾಗಿ ವಸಂತದಲ್ಲಿ ಸ್ವೀಕರಿಸತೊಡಗಿ ಶರತ್ಕಾಲದಲ್ಲಿ ನಿಲ್ಲಿಸಿಬಿಡುತ್ತವೆ, ಮತ್ತು ಒಂದೊಂದು ಕಚೇರಿಯ ಕಡೆಯ ದಿನಾಂಕವೂ ಬೇರೆಯಾಗಿರುತ್ತದೆ.