ಹೊಸ್ತಿಲ ಬಳಿ ನಿಂತ ಕಾನೂನು

ಉದ್ದ 60 ಸೆಂಟಿಮೀಟರ್, ಅಗಲ 30. ಬಿಳಿ ಹಿನ್ನೆಲೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಹೊಗೆಯಾಡುವ ಸಿಗರೇಟು ಇಲ್ಲವೇ ಬೀಡಿ, ಅದನ್ನು ಕತ್ತರಿಸುವ ಕೆಂಪು ಪಟ್ಟಿ. ಚಿತ್ರದುರ್ಗದ ಬಸ್ ನಿಲ್ದಾಣವಿರಲಿ, ಹಿರಿಯೂರಿನ ತಾಲ್ಲೂಕು ಕಚೇರಿಯಿರಲಿ, ಹೊಳಲ್ಕೆರೆಯ ಆಸ್ಪತ್ರೆಯಿರಲಿ, ಹೊಸದುರ್ಗದ ಕಾಲೇಜಿರಲಿ, ಇಷ್ಟು ಅಳತೆಯ ಫಲಕ ಅಲ್ಲಿ ಇರಲೇಬೇಕು. 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮ ಫಲಕದ ಅಳತೆಯನ್ನೂ ಬಣ್ಣವನ್ನೂ ಬಿಡದೆ ಹೇಳಿದೆ.

ಈ ಫಲಕ ಏರದ ಗೋಡೆ ಒಂದೇ, ವಾಸದ ಮನೆಯದು.

ಒಂಟಿ ಮನೆಗಳ ಊರಿನಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ದುರ್ಗದ ಹಳೇ ಬೀದಿಗಳಲ್ಲಿ ಬೀಡಿ ಸೇದುವ ಅಜ್ಜನಿಗೆ ಮನೆ ಮುಂದೆ ಜಗಲಿ ಇತ್ತು, ಹಿಂದೆ ಹಿತ್ತಿಲಿತ್ತು. ಹೊಗೆ ಬೀದಿಗೆ ಹೋಗುತ್ತಿತ್ತು, ಇಲ್ಲವೇ ಹಿತ್ತಿಲ ನುಗ್ಗೆಮರಕ್ಕೆ. ಈಗ ಸೈಟಿನ ಬೆಲೆ ಏರಿ, ಕೆಳಗೆ ಓನರ್, ಮೇಲೆ ಮೂರು ಬಾಡಿಗೆ ಮನೆ ಎನ್ನುವ ಕಟ್ಟಡಗಳು ಜಿಲ್ಲೆಯ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಎದ್ದಿವೆ. ಲಿಫ್ಟ್ ಇರುವ ಅಪಾರ್ಟ್‌ಮೆಂಟುಗಳೂ ಬಂದಿವೆ. ಜಗಲಿ ಹೋಗಿ ಬಾಲ್ಕನಿ ಬಂದಿದೆ, ಒಬ್ಬರ ಬಾಲ್ಕನಿಯ ನೆತ್ತಿಯ ಮೇಲೇ ಇನ್ನೊಬ್ಬರ ಮಲಗುವ ಕೋಣೆಯ ಕಿಟಕಿ. ‘ನನ್ನ ಮನೇಲಿ ನಾನು ಸೇದ್ತೀನಿ, ಕೇಳೋಕೆ ನೀವ್ಯಾರು?’ ಎಂಬ ಮಾತಿಗೆ ‘ನಿಮ್ಮ ಹೊಗೆ ನಮ್ಮ ಮಗು ಮಲಗೋ ಕಡೆ ಬರುತ್ತಲ್ಲ, ಸಾರ್’ ಎಂಬ ಉತ್ತರ ಹುಟ್ಟುವುದು ಇಂಥ ಕಟ್ಟಡಗಳಲ್ಲಿ. ಹಾಗಾದರೆ ಅಪಾರ್ಟ್‌ಮೆಂಟಿನವರು ಸೇರಿ ಮನೆಯೊಳಗಿನ ಧೂಮಪಾನವನ್ನೂ ನಿಷೇಧಿಸಬಹುದೇ? ನಿಷೇಧಿಸಬೇಕೇ?

ಟಾಕೀಸಿನಿಂದ ಹೊರಟ ಹಾದಿ

ಕಾನೂನು ಹೊಸ್ತಿಲವರೆಗೆ ನಡೆದು ಬರಲು ಅರವತ್ತು ವರ್ಷ ಹಿಡಿದಿದೆ. ಈ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟ ಕಡೆಗಳಲ್ಲಿ ಒಂದು ಸಿನಿಮಾ ಟಾಕೀಸು. ಪ್ರದರ್ಶನ ಗೃಹಗಳಲ್ಲೂ ಸಾರ್ವಜನಿಕ ಸಭಾಂಗಣಗಳಲ್ಲೂ ಧೂಮಪಾನ ನಿಷೇಧಿಸುವ ಕಾಯ್ದೆಯನ್ನು ಆಗಿನ ಮೈಸೂರು ರಾಜ್ಯ 1963ರಲ್ಲೇ ಮಾಡಿತು. ದುರ್ಗದ ಕಲ್ಲಿನ ಕೋಟೆಯನ್ನು ಮನೆಮಾತಾಗಿಸಿದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂದಾಗ, ಬೆಳ್ಳಿಪರದೆಯ ಎದುರು ಬೀಡಿ ಹಚ್ಚುವುದು ಕಾಗದದ ಮೇಲೆ ಆಗಲೇ ತಪ್ಪಾಗಿತ್ತು.

ಅಪಾರ್ಟ್‌ಮೆಂಟುಗಳ ಒಡೆತನದ ಕಾಯ್ದೆಯ ಹೆಸರಿನಲ್ಲಿರುವ ವರ್ಷವೂ ಅದೇ 1972. ಗೋಡೆ, ಮೆಟ್ಟಿಲು, ತಾರಸಿ ಯಾರಿಗೆ ಸೇರಿದ್ದು, ಬೈಲಾ ಹೇಗಿರಬೇಕು, ಅದನ್ನು ಮುರಿದವರ ಮೇಲೆ ಯಾರು ದಾವೆ ಹೂಡಬಹುದು ಎಂಬುದನ್ನೆಲ್ಲ ಅದು ಹೇಳುತ್ತದೆ. ಟಾಕೀಸಿನ ಕಾಯ್ದೆಗೂ ಈ ಕಾಯ್ದೆಗೂ ಮುಂದೊಂದು ದಿನ ಮೆಟ್ಟಿಲ ಮೇಲೆ ಮುಖಾಮುಖಿಯಾಗಬಹುದೆಂದು ಆಗ ಯಾರೂ ನೆನೆಸಿರಲಾರರು.

ದೊಡ್ಡ ತಿರುವು ಬಂದದ್ದು ಕೇರಳದಿಂದ. ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಪಕ್ಕದವರ ಬದುಕುವ ಹಕ್ಕಿಗೇ ಧಕ್ಕೆ, ಅದು ಸಾರ್ವಜನಿಕ ಉಪದ್ರವ ಎಂದು ಅಲ್ಲಿನ ಹೈಕೋರ್ಟ್ 1999ರ ಜುಲೈ 12ರಂದು ಹೇಳಿತು. ಮುಂಬೈನ ರಾಜಕಾರಣಿ ಮುರಳಿ ದೇವೊರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ಬಸ್ಸು, ರೈಲುಗಳಲ್ಲಿ ಧೂಮಪಾನ ನಿಲ್ಲಬೇಕೆಂದು ಇಡೀ ದೇಶಕ್ಕೆ ಆದೇಶಿಸಿತು. ಅದರ ಬೆನ್ನಿಗೆ ಬಂದದ್ದು 2003ರ ‘ಕೋಟ್ಪಾ’, ಅಂದರೆ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾಯ್ದೆ. 2008ರ ನಿಯಮ ಹೋಟೆಲು, ಬಾರು, ಮಾಲು, ಕ್ಯಾಂಟೀನು, ಕೆಲಸದ ಸ್ಥಳಗಳನ್ನೂ ಹೆಸರು ಹಿಡಿದು ಸೇರಿಸಿತು. ದಂಡ 200 ರೂಪಾಯಿವರೆಗೆ.

ಕರ್ನಾಟಕ ಈ ಹಾದಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. 2013ರಲ್ಲಿ ಗುಟ್ಕಾ ನಿಂತಿತು, 2017ರಲ್ಲಿ ಬಿಡಿ ಸಿಗರೇಟು ಮಾರಾಟಕ್ಕೆ ತಡೆ ಬಂತು, 2024ರ ಫೆಬ್ರುವರಿಯಲ್ಲಿ ಹುಕ್ಕಾ ಬಾರುಗಳಿಗೆ ಬೀಗ ಬಿತ್ತು. ಆ ತಿಂಗಳೇ ವಿಧಾನಮಂಡಲ ಒಪ್ಪಿದ ಕೋಟ್ಪಾ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. ಈಗ ದಂಡ 1000 ರೂಪಾಯಿವರೆಗೆ. ತಂಬಾಕು ಕೊಳ್ಳುವವರಿಗೆ 21 ತುಂಬಿರಬೇಕು.

ಇಷ್ಟೆಲ್ಲ ಆದರೂ ‘ಸಾರ್ವಜನಿಕ ಸ್ಥಳ’ ಎಂದರೆ ಜನ ಬಂದು ಹೋಗುವ ಜಾಗವೇ. ಅಪಾರ್ಟ್‌ಮೆಂಟಿನ ಲಿಫ್ಟು, ಮೆಟ್ಟಿಲು, ಪಾರ್ಕಿಂಗ್ ಆ ಮಾತಿನೊಳಗೆ ಬರುತ್ತವೆಂದು ವಾದಿಸಬಹುದು. ಸೆಕ್ಯೂರಿಟಿಯವರಿಗೆ, ಗುಡಿಸಿ ಒರೆಸುವವರಿಗೆ ಅದು ಕೆಲಸದ ಸ್ಥಳ ಕೂಡ. ಫ್ಲ್ಯಾಟಿನ ಹಾಲ್ ಮಾತ್ರ ಬರುವುದಿಲ್ಲ.

ಡಕ್ಟಿನೊಳಗಿನ ದಾರಿ

ಕಾನೂನು ನಿಂತಲ್ಲಿ ಹೊಗೆ ನಿಲ್ಲುವುದಿಲ್ಲ. ಬಚ್ಚಲುಮನೆಗಳ ಗಾಳಿಗೆಂದು ನೆಲದಿಂದ ತಾರಸಿವರೆಗೆ ಬಿಡುವ ಡಕ್ಟು, ವೈರಿಂಗಿನ ಪೈಪು, ಬಾಗಿಲ ಕೆಳಗಿನ ಸಂದು, ಎಲ್ಲವೂ ಅದಕ್ಕೆ ದಾರಿ. ಬಿಸಿ ಗಾಳಿ ಮೇಲಕ್ಕೇರುವಾಗ ಕೆಳಮನೆಯ ಹೊಗೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ. ಜೋಗಿಮಟ್ಟಿಯ ಸುತ್ತ ಗುಡ್ಡದ ತುದಿಗಳಲ್ಲಿ ಗಾಳಿಯಂತ್ರಗಳು ತಿರುಗುವ ಈ ಸೀಮೆಯಲ್ಲಿ ಬಾಲ್ಕನಿಯಲ್ಲಿ ಬಿಟ್ಟ ಹೊಗೆ ಯಾರ ಕಿಟಕಿಗೆ ಹೋದೀತೆಂದು ಹೇಳುವುದೂ ಕಷ್ಟ.

ಪಕ್ಕದವರ ಹೊಗೆಯಿಂದ ಆಗುವ ಕೇಡನ್ನು ಜಗತ್ತು ಗಂಭೀರವಾಗಿ ಕೇಳಿಸಿಕೊಂಡದ್ದು 1981ರಲ್ಲಿ. ಜಪಾನಿನ ತಕೇಶಿ ಹಿರಾಯಾಮ, ತಾವು ಸೇದದ 91,540 ಗೃಹಿಣಿಯರನ್ನು ವರ್ಷಗಟ್ಟಲೆ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂದು ತೋರಿಸಿದರು. ತಂಬಾಕು ಕಂಪನಿಗಳು ಆ ಅಧ್ಯಯನವನ್ನು ಅಲ್ಲಗಳೆಯಲು ಬಹಳ ಬೆವರು ಹರಿಸಿದವು. ಇಷ್ಟು ಹೊಗೆಯಾದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲಿ ಹೇಳಿದರು.

ಹಿರಾಯಾಮ ಲೆಕ್ಕ ಹಾಕಿದ್ದು ಪಕ್ಕದ ಫ್ಲ್ಯಾಟಿನವರನ್ನಲ್ಲ, ಒಂದೇ ಸೂರಿನ ಕೆಳಗಿದ್ದ ಹೆಂಡತಿಯರನ್ನು. ಭಾರತದ 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 38.7 ಮಂದಿ ಮನೆಯೊಳಗೇ ಬೇರೆಯವರ ಹೊಗೆ ಕುಡಿಯುತ್ತಾರೆ. 2009–10ರಲ್ಲಿ ಇದು ಶೇ 52.3 ಇತ್ತು. ಈ ಮಂದಿಯಲ್ಲಿ ಬಹುಪಾಲು ಜನರಿಗೆ ಅಸೋಸಿಯೇಷನ್ನೂ ಇಲ್ಲ, ಸೆಕ್ರೆಟರಿಯೂ ಇಲ್ಲ.

ಅಪಾರ್ಟ್‌ಮೆಂಟ್ ನಿಷೇಧದ ತೊಡಕೂ ಇಲ್ಲೇ ಇದೆ. ಬಾಲ್ಕನಿಯಲ್ಲಿ ಸೇದಬೇಡಿ ಎಂದರೆ ಸೇದುವವರು ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಾರೆ. ಮೇಲ್ಮನೆಯ ಕಿಟಕಿ ಹಸನಾಗುತ್ತದೆ. ಹಾಲಿನಲ್ಲಿ ಕೂತ ಹೆಂಡತಿ, ಉಬ್ಬಸದ ತಾಯಿ, ಹೋಂವರ್ಕ್ ಮಾಡುವ ಮಗಳು ಅದೇ ಹೊಗೆಯನ್ನು ಇನ್ನೂ ದಟ್ಟವಾಗಿ ಕುಡಿಯುತ್ತಾರೆ.

ಹಟ್ಟಿಯ ಕಟ್ಟಳೆ

ಮನೆಯೊಳಗಿನ ನಡವಳಿಕೆಗೆ ನಾಲ್ಕು ಜನ ಸೇರಿ ನಿಯಮ ಮಾಡುವುದು ಈ ಜಿಲ್ಲೆಗೆ ಪಟ್ಟಣದಿಂದ ಬಂದ ಹೊಸ ವಿಚಾರವಲ್ಲ. ಸಂಪ್ರದಾಯಸ್ಥ ಮ್ಯಾಸಬೇಡರ ಹಟ್ಟಿಗಳಲ್ಲಿ ಕೋಳಿ ಸಾಕುವಂತಿಲ್ಲ, ತಿನ್ನುವಂತಿಲ್ಲ, ಈಚಲ ಹೆಂಡ ಮುಟ್ಟುವಂತಿಲ್ಲ. ಪೊಲೀಸರಿಲ್ಲ, ರಸೀತಿ ಪುಸ್ತಕವಿಲ್ಲ. ದೇವರ ಭಯವೂ ಹಿರಿಯರ ಮಾತೂ ಆ ಕಟ್ಟಳೆಯನ್ನು ತಲೆಮಾರುಗಳ ಕಾಲ ಕಾದಿವೆ.

ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳು ಇದೇ ಮಾತಿನ ಇನ್ನೊಂದು ಮುಖವನ್ನು ತೋರಿಸಿವೆ. ಅಲ್ಲಿ ಮುಟ್ಟಾದ ಹೆಂಗಸರನ್ನೂ ಹಸಿ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ರೂಢಿ ಬೆಳೆದು ಬಂದಿತು. ಬಿಸಿಲು ಮಳೆಯಿಂದ ಅವರನ್ನು ಕಾಯಲು ಸರ್ಕಾರ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತು, ಹೊರಗಿಡುವುದನ್ನೇ ಅದು ಗಟ್ಟಿ ಮಾಡಿತೆಂಬ ಟೀಕೆಯನ್ನೂ ಕೇಳಿತು. ಕೊನೆಗೆ 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧ ಕಾಯ್ದೆ ಹೀಗೆ ಹೊರಗಿಡುವುದನ್ನು ಅಪರಾಧಗಳ ಪಟ್ಟಿಗೆ ಸೇರಿಸಿತು. ಆ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ‘ಇದು ಎಲ್ಲರೂ ಒಪ್ಪಿದ ನಿಯಮ’ ಎಂಬ ಮಾತಿನಲ್ಲಿ ಆ ‘ಎಲ್ಲರೂ’ ಯಾರು, ನಿಯಮದ ಭಾರ ಹೊರುವವರನ್ನು ಯಾರಾದರೂ ಕೇಳಿದ್ದರೇ ಎಂಬುದು ದುರ್ಗದ ಜನಕ್ಕೆ ಪುಸ್ತಕದ ಪ್ರಶ್ನೆಯಲ್ಲ.

ಬಾಡಿಗೆ ಮನೆ ಹುಡುಕಿದವರಿಗೂ ಇದರ ರುಚಿ ಗೊತ್ತು. ಅಡ್ವಾನ್ಸ್ ಕೊಡುವ ಮೊದಲೇ ‘ಬ್ಯಾಚುಲರ್‌ಗಳಿಗೆ ಕೊಡಲ್ಲ’, ‘ಮಾಂಸ ಮಾಡಂಗಿಲ್ಲ’, ‘ಹತ್ತು ಗಂಟೆಗೆ ಗೇಟ್ ಹಾಕ್ತೀವಿ’ ಎಂಬ ಪಟ್ಟಿ ಬರುತ್ತದೆ. ಸಿಗರೇಟು ಆ ಪಟ್ಟಿಗೆ ಸುಲಭವಾಗಿ ಸೇರಿಕೊಳ್ಳಬಲ್ಲದು. ಹೊಗೆ ಗೋಡೆ ದಾಟಿ ಇನ್ನೊಬ್ಬರ ಪುಪ್ಪುಸಕ್ಕೆ ಇಳಿಯುತ್ತದೆ, ಪಕ್ಕದ ಮನೆಯ ಸಾರು ಹಾಗೆ ಮಾಡುವುದಿಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಆರೋಗ್ಯದ ನ್ಯಾಯವಾದ ಮಾತು ಮಡಿ–ಮೈಲಿಗೆಯ ಮಾತಿನೊಳಗೆ ಕರಗಿ ಹೋಗುತ್ತದೆ.

ಬೇರೆ ಊರಿನವರು ಕಂಡುಕೊಂಡದ್ದು

ಮನೆಯೊಳಗೇ ನಿಷೇಧ ತಂದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಬೆಲ್‌ಮಾಂಟ್ ಎಂಬ ಸಣ್ಣ ಊರು ಗೋಡೆ ಹಂಚಿಕೊಂಡ ಮನೆಗಳ ಒಳಗೆ ಸೇದಬಾರದೆಂದು 2007ರಲ್ಲಿ ನಿರ್ಣಯಿಸಿತು. ಅದರ ಹಿಂದೆ ಇದ್ದದ್ದು ಹಿರಿಯರ ವಸತಿ ಸಮುಚ್ಚಯವೊಂದರ ನಿವಾಸಿಗಳ ದೂರು. ಅಮೆರಿಕದ ಸಾರ್ವಜನಿಕ ವಸತಿಗಳಿಗೆಲ್ಲ ಅಂಥದೇ ನಿಯಮ 2018ರ ಜುಲೈ 30ರ ಗಡುವಿನೊಂದಿಗೆ ಬಂತು. ಕಟ್ಟಡದಿಂದ 25 ಅಡಿ ಆಚೆಯೇ ಹಚ್ಚಬೇಕು. ಅಲ್ಲಿ ಮನೆಯ ಮಾಲೀಕತ್ವ ಸರ್ಕಾರದ ಸಂಸ್ಥೆಯದು, ಒಳಗಿರುವವರು ಬಾಡಿಗೆದಾರರು. ಸಾಲ ಮಾಡಿ ಸ್ವಂತ ಫ್ಲ್ಯಾಟ್ ಕೊಂಡವರಿಗೆ ಅದೇ ಅಳತೆ ಹಿಡಿಯಲಾಗದು.

ಸಿಂಗಪುರದಂಥ ಕಟ್ಟುನಿಟ್ಟಿನ ನಾಡೇ ಇಲ್ಲಿ ಹಿಂಜರಿಯಿತು. ಕಿಟಕಿ, ಬಾಲ್ಕನಿಗಳ ಬಳಿ ಸೇದುವುದನ್ನು ನಿಷೇಧಿಸಿ ಎಂದು ಸಂಸದ ಲೂಯಿಸ್ ಎಂಗ್ 2020ರಲ್ಲಿ ಸಂಸತ್ತಿನಲ್ಲಿ ಕೇಳಿದಾಗ, ಮನೆಯತ್ತ ಕಣ್ಣಿಡುವುದು ಜನರ ಖಾಸಗಿತನಕ್ಕೆ ಅಡ್ಡಿ ಎಂದು ಸರ್ಕಾರ ಒಪ್ಪಲಿಲ್ಲ.

ಜಪಾನಿನ ನಗೋಯಾ ಜಿಲ್ಲಾ ನ್ಯಾಯಾಲಯ 2012ರಲ್ಲಿ ಬೇರೆ ದಾರಿ ಹಿಡಿಯಿತು. ಬಾಲ್ಕನಿಯಲ್ಲಿ ಸೇದಬಾರದೆಂದು ಆ ಕಟ್ಟಡದ ನಿಯಮದಲ್ಲಿ ಇರಲಿಲ್ಲ. ಆದರೂ ಮೇಲ್ಮನೆಯ ಮಹಿಳೆ ಪದೇ ಪದೇ ಬೇಡಿಕೊಂಡ ಮೇಲೂ ಸೇದುತ್ತ ಹೋದದ್ದು ತಪ್ಪೆಂದು 50,000 ಯೆನ್ ಪರಿಹಾರ ಕೊಡಿಸಿತು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರ ಜನವರಿಯಲ್ಲಿ ಇನ್ನೂ ಸರಳ ಸೂತ್ರ ಕೊಟ್ಟಿತು. ಬಾಲ್ಕನಿ ಇಬ್ಬರಿಗೂ ಬೇಕು, ಆದ್ದರಿಂದ ಹೊತ್ತು ಹಂಚಿಕೊಳ್ಳಿ. ಇಂತಿಷ್ಟು ಗಂಟೆ ಸೇದುವವರದು, ಇಂತಿಷ್ಟು ಗಂಟೆ ಹೊಗೆಯಿಲ್ಲದ ಗಾಳಿ ಬೇಕಾದವರದು.

ಈ ಎರಡು ತೀರ್ಪುಗಳಲ್ಲಿ ನ್ಯಾಯಾಲಯ ಮನೆಯೊಳಗೆ ಇಣುಕಲಿಲ್ಲ. ಹೊಗೆ ಯಾರನ್ನು ತಲುಪಿತು, ಎಷ್ಟು ಕಾಡಿತು ಎಂಬುದನ್ನಷ್ಟೇ ಅಳೆಯಿತು.

ಬೈಲಾದಲ್ಲಿ ಬರೆಯಬಹುದಾದದ್ದು

ದುರ್ಗದ ಅಪಾರ್ಟ್‌ಮೆಂಟಿಗೂ ಆ ಅಳತೆಯೇ ಹೊಂದುತ್ತದೆ. ಲಿಫ್ಟು, ಮೆಟ್ಟಿಲು, ತಾರಸಿ, ಪಾರ್ಕಿಂಗಿನಲ್ಲಿ ಪೂರ್ತಿ ನಿಷೇಧ. ಬಾಲ್ಕನಿಗೆ ಹೊತ್ತಿನ ಮಿತಿ. ಡಕ್ಟಿನ ಸಂದು ಮುಚ್ಚಿಸುವ ಖರ್ಚು ಅಸೋಸಿಯೇಷನ್ನಿನದು. ಮಗು, ಬಾಣಂತಿ, ಉಬ್ಬಸದವರು ಇರುವ ಮನೆಯಿಂದ ದೂರು ಬಂದರೆ ಕೆಳಮನೆಯವರು ಕೂತು ಮಾತಾಡಲೇಬೇಕು. ಇಷ್ಟನ್ನು ಬೈಲಾದಲ್ಲಿ ಬರೆದರೆ, ಮುರಿದವರ ಮೇಲೆ ಅಸೋಸಿಯೇಷನ್ ಆಗಲಿ ನೊಂದ ಮಾಲೀಕರಾಗಲಿ ಸಿವಿಲ್ ಕೋರ್ಟಿಗೆ ಹೋಗಲು 1972ರ ಕಾಯ್ದೆ ದಾರಿ ಇಟ್ಟಿದೆ. ಬಾಡಿಗೆದಾರರಿಗೆ ಇದೇ ಮಾತು ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಬರಬಹುದು. ಗಾಳಿ ಕೆಡಿಸುವ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಮಿದೆ, ಆದರೆ ದಿನಾ ಮೆಟ್ಟಿಲಲ್ಲಿ ಎದುರಾಗುವವರ ಮೇಲೆ ಸ್ಟೇಷನ್ನಿಗೆ ಹೋಗುವವರು ಕಡಿಮೆ.

ಬೈಲಾ ಮುಟ್ಟದ ಜಾಗ, ಅಂದರೆ ಸೇದುವವರ ಸ್ವಂತ ಹಾಲ್, ಆಗಲೂ ಉಳಿಯುತ್ತದೆ. ಕೇರಳದ ಹಳ್ಳಿಗಳಲ್ಲಿ ನಡೆದ ‘ಹೊಗೆಮುಕ್ತ ಮನೆ’ ಪ್ರಯೋಗ ಅಲ್ಲಿಂದಲೇ ಶುರುವಾಯಿತು. ಒಬ್ಬಳೇ ಹೆಂಡತಿ ಗಂಡನಿಗೆ ಹೇಳಲಾರದ್ದನ್ನು ಬೀದಿಯ ಹೆಂಗಸರು ಸೇರಿ ತೀರ್ಮಾನಿಸಿ ಹೇಳಿದರು: ಸೇದುವುದಿದ್ದರೆ ಮನೆಯಿಂದ ಹೊರಗೆ. ಹಲವು ಗಂಡಸರು ಕೇಳಿದರು. ನಮ್ಮ ಜಿಲ್ಲೆಯ ಊರೂರಿನ ಸ್ತ್ರೀಶಕ್ತಿ ಸಂಘಗಳಿಗೆ ಇದು ಎಟುಕದ ಕೆಲಸವಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಯಲ್ಲಿ ದುಶ್ಚಟಗಳ ಭಿಕ್ಷೆ ಬೇಡಿದಾಗಲೂ ದಂಡದ ಮಾತಿರಲಿಲ್ಲ. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಬಿಡಬೇಕೆಂದವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ 2016ರಿಂದ ಇದೆ. ಅದಕ್ಕೆ ಉತ್ತರಿಸುವ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ ಆ ಸಂಖ್ಯೆಯನ್ನು ಬೈಲಾದ ನಿಷೇಧದ ಸಾಲಿನ ಪಕ್ಕದಲ್ಲೇ ಅಸೋಸಿಯೇಷನ್ ಬರೆದಿಡಬಹುದು.